‘ನಾಲ್ವರಲ್ಲಿ ಒಬ್ಬನೇ ಗುಂಡು ಹಾರಿಸ್ತಾನೆ’: ಒಂದು ಸ್ಪಷ್ಟನೆ

‘ಯುದ್ಧದಲ್ಲಿ ನಾಲ್ವರು ಸೈನಿಕರಲ್ಲಿ ಒಬ್ಬನೇ ಗುಂಡು ಹಾರಿಸ್ತಾನೆ, ಉಳಿದವರು ಹೆದರಿ ಕೂರ್ತಾರೆ, ಇದು ಸಾಬೀತಾಗಿದೆ’ ಎಂಬ ಮೆಸೇಜ್ ಬೀದರ್‌ನ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ನಮ್ಮ ಓಣಿ ಗ್ರೂಪಿಗೆ ಹಾಕಿದವನು ನಾನೇ. ಅದು ತಪ್ಪುರೀ.

ಎರಡನೇ ಮಹಾಯುದ್ಧದ ಅಮೆರಿಕನ್ ಕಾಲಾಳುಗಳ ಬಗ್ಗೆ ಅಮೆರಿಕದ ಸೇನಾ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್ 1947ರಲ್ಲಿ ಬರೆದ ಲೆಕ್ಕವದು, ನಮ್ಮ ಸೇನೆಯದಲ್ಲ. 1988ರಲ್ಲಿ ಇತಿಹಾಸಕಾರ ರೋಜರ್ ಸ್ಪಿಲ್ಲರ್ ಹುಡುಕಿದಾಗ ಆ ಅಂಕಿಗೆ ಆಧಾರವೇ ಸಿಗಲಿಲ್ಲ. ಪಕ್ಕದಲ್ಲಿ ಜೊತೆಗಾರ ಇದ್ದಾನೆಂಬ ಧೈರ್ಯವೇ ಸೈನಿಕನನ್ನು ಗುಂಡಿನೆದುರು ನಿಲ್ಲಿಸುತ್ತದೆ ಎಂದು ಬರೆದವರೂ ಇದೇ ಮಾರ್ಷಲ್! ಮೆಸೇಜ್ ಆ ಮಾತನ್ನೇ ನುಂಗಿಹಾಕಿದೆ. ನಮ್ಮ ಸೇನೆಯಲ್ಲೂ ‘ನಾಮ್, ನಮಕ್, ನಿಶಾನ್’ ಅಂತಾರಲ್ಲ, ಪಲ್ಟನ್ನಿನ ಹೆಸರು, ಉಪ್ಪಿನ ಋಣ, ಧ್ವಜ; ಸೈನಿಕ ನಿಲ್ಲೋದು ಇವುಗಳಿಗಾಗಿ ಅಂತ.

ನಾನು ಡಿಲೀಟ್ ಮಾಡಿದ್ದೇನೆ. ನಿಮ್ಮ ಹತ್ತಿರ ಇದ್ದರೆ ಮುಂದೆ ಕಳಿಸಬ್ಯಾಡ್ರಿ.