ಹೊಗೆಯ ಮಹೋತ್ಸವ

ಡೆಂಗಿ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಏರಿತೆಂದರೆ ಸಂಜೆಯೇ ಬೀದಿಗೆ ಫಾಗಿಂಗ್ ಯಂತ್ರದ ಸವಾರಿ. ಹಿಂದೆ ಕುಣಿಯುವ ಮಕ್ಕಳು, ಮುಂದೆ ಮೊಬೈಲ್ ಹಿಡಿದ ಮುಖಂಡರ ಬಳಗ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಹಗಲಲ್ಲಿ ಕಚ್ಚುತ್ತದೆ, ಮನೆಯೊಳಗೆ ಕಪಾಟಿನ ಸಂದಿಯಲ್ಲಿ ಕೂರುತ್ತದೆ. ಹೊಗೆ ರಸ್ತೆಯಲ್ಲಿರುತ್ತದೆ. ಇಬ್ಬರಿಗೂ ಭೇಟಿಯೇ ಇಲ್ಲ. ಫೋಟೊ ಮಾತ್ರ ಚೆನ್ನಾಗಿ ಬರುತ್ತದೆ.

ಭೇಟಿಯಾದರೂ ಏನು ಮಹಾ? ಹೊಗೆಯಲ್ಲಿ ಬಳಸುವ ಪೈರೆಥ್ರಾಯ್ಡ್ ಕುಲದ ವಿಷ ಸೊಳ್ಳೆಯ ನರದಲ್ಲಿ ಬಾಗಿಲಿನಂತಿರುವ ಸೋಡಿಯಂ ಚಾನೆಲ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ತೆರೆದ ಕೂಡಲೇ ಮುಚ್ಚಬೇಕಾದ ಬಾಗಿಲು ತೆರೆದೇ ಉಳಿಯುತ್ತದೆ, ನರ ಬಿಡುವಿಲ್ಲದೆ ಮಿಡಿಯುತ್ತದೆ, ಸೊಳ್ಳೆ ತತ್ತರಿಸಿ ಬೀಳುತ್ತದೆ. ಆದರೆ ಆ ಪ್ರೋಟೀನಿನಲ್ಲಿ ಆಯಕಟ್ಟಿನ ಒಂದು ಅಮೈನೊ ಆಮ್ಲ, ಅಂದರೆ ಅದನ್ನು ಕಟ್ಟಿದ ಒಂದು ಇಟ್ಟಿಗೆ, ಬದಲಾದರೂ ವಿಷದ ಹಿಡಿತ ಸಡಿಲ. ಹಾಗೆ ಹುಟ್ಟಿದ ಒಂದೆರಡು ಸೊಳ್ಳೆ ಎಲ್ಲೋ ಇದ್ದೇ ಇರುತ್ತವೆ. ಉಳಿದವನ್ನು ಕೊಂದು ಅವಕ್ಕೆ ಸಂಸಾರ ಹೂಡಲು ಜಾಗ ಮಾಡಿಕೊಡುವ ಪುಣ್ಯಕಾರ್ಯ ನಮ್ಮದು. ಹಳೆಯ ಡಿಡಿಟಿ ಹಿಡಿಯುತ್ತಿದ್ದುದೂ ಇದೇ ಬಾಗಿಲನ್ನು. ರಾತ್ರಿ ಹಚ್ಚುವ ಸುರುಳಿ, ಪ್ಲಗ್ಗಿಗೆ ಸಿಕ್ಕಿಸುವ ದ್ರಾವಣ, ಮದ್ದು ಸವರಿದ ಸೊಳ್ಳೆಪರದೆ: ಅಂಗಡಿಯಲ್ಲಿ ಹೆಸರು ಹತ್ತು, ಒಳಗಿನ ಕುಲ ಬಹುಪಾಲು ಅದೇ. ವಿಷ ತಾಳುವುದನ್ನು ಸೊಳ್ಳೆಗೆ ಕಲಿಸುವ ಪಾಲಿಕೆಯ ಶಾಲೆ ಸಂಜೆ ಮುಗಿದರೂ ಮನೆಪಾಠ ಬೆಳಗಿನವರೆಗೆ ನಡೆಯುತ್ತದೆ.

ಬೆಂಗಳೂರಿಗರು ಹೆಮ್ಮೆಪಡಬೇಕಾದ ವಿಷಯ ಒಂದಿದೆ. ಈ ಚಾನೆಲ್ಲಿನ 1534ನೇ ಅಮೈನೊ ಆಮ್ಲದ ಸ್ಥಾನದಲ್ಲಿ, ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ಅದುವರೆಗೆ ಕಂಡಿರದ ಹೊಸ ಬದಲಾವಣೆಯೊಂದನ್ನು 2020ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಸಿಕ್ಕಿದ್ದು ಇಲ್ಲಿನ ಸೊಳ್ಳೆಗಳಲ್ಲೇ! ಜಮೀನು ಕೇಳಲಿಲ್ಲ, ತೆರಿಗೆ ವಿನಾಯಿತಿ ಕೇಳಲಿಲ್ಲ, ಹೂಡಿಕೆದಾರರ ಸಮಾವೇಶಕ್ಕೂ ಬರಲಿಲ್ಲ. ನಾವೀನ್ಯ ಎಂದರೆ ಇದು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಸರಿ, ಹೂಕುಂಡದ ತಟ್ಟೆಯ ನೀರನ್ನು ಚೆಲ್ಲೋಣ. ಆದರೆ ವಾರಕ್ಕೊಮ್ಮೆ ನಲ್ಲಿ ನೀರು ಬರುವ ಗಲ್ಲಿಯಲ್ಲಿ ಡ್ರಮ್ಮು ತುಂಬಿಟ್ಟುಕೊಂಡ ಹೆಂಗಸಿಗೂ ದಂಡವೇ? ನೀರು ಬಿಡದವರಿಗೆ ಎಷ್ಟು? ಪೈಪು ಹಾಕಲು ಅಗೆದು ಹೋದ ಗುಂಡಿಯ ದಂಡವನ್ನು ಯಾರ ಹೆಸರಿಗೆ ಬರೆಯುತ್ತಾರೆ?

ಸಾಕು ಈ ತಮಾಷೆ. ಮಕ್ಕಳು ಸಾಯುವ ಕಾಯಿಲೆ ಇದು. ಕಡಿಮೆಯಾಗಬೇಕಾದರೆ ನೀರಿನಲ್ಲಿರುವ ಲಾರ್ವಾವನ್ನೇ ಮುಗಿಸಬೇಕು ಎಂಬುದು ಆರೋಗ್ಯ ಇಲಾಖೆಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮನೆಮನೆಗೆ ಹೋಗಿ, ತೊಟ್ಟಿ ಇಣುಕಿ, ಬೈಸಿಕೊಂಡು ಆ ಕೆಲಸ ಮಾಡುವವರು ಆಶಾ ಕಾರ್ಯಕರ್ತೆಯರು. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಗಿ ಬಂದವರೂ ಅವರೇ.