ಓರೆನ್‌ಬುರ್ಗ್ ತಲೆಶಾಲು ಕ್ರೋಶಾ ಕೆಲಸವಲ್ಲ

ರಷ್ಯಾದ ಓರೆನ್‌ಬುರ್ಗ್ ಪ್ರದೇಶದ ಹೆಂಗಸರು ತಲೆಗೆ ಹೊದೆಯುವ ಲೇಸ್ ಶಾಲನ್ನು, ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಕ್ರೋಶಾ (ಒಂದೇ ಕೊಕ್ಕೆಸೂಜಿಯಿಂದ ಹೆಣೆಯುವ) ಕೆಲಸವೆಂದು ಕರೆದಿರುವುದು ಸರಿಯಲ್ಲ. ಅದು ಹೆಣಿಗೆ ಕಡ್ಡಿಗಳಲ್ಲಿ ಹೆಣೆದದ್ದು. ಅಲ್ಲಿನ ಮೇಕೆಗಳ ನವಿರಾದ ಒಳತುಪ್ಪಳವನ್ನು ಬಾಚಿ ತೆಗೆದು, ಕೈಯಲ್ಲೇ ನೂತು, ತೆಳುವಾದ ರೇಷ್ಮೆ ಎಳೆಯೊಂದಿಗೆ ಹುರಿಗೊಳಿಸುತ್ತಾರೆ. ಮೊದಲು ಶಾಲಿನ ಕೆಳಗಿನ ಹಲ್ಲಂಚನ್ನು (ಹಲ್ಲುಗಳಂತೆ ಮೊನೆಮೊನೆಯಾದ ಅಂಚನ್ನು) ಹೆಣೆದು, ಅದರ ನೇರ ಬದಿಯಿಂದ ಕುಣಿಕೆಗಳನ್ನು ಎತ್ತಿಕೊಂಡು, ನಡುವಿನ ಹಾಸನ್ನೂ ಎರಡು ಪಕ್ಕದ ಅಂಚುಗಳನ್ನೂ ಒಟ್ಟಿಗೇ ಮೇಲಕ್ಕೆ ಹೆಣೆಯುತ್ತ ಹೋಗುವುದರಿಂದ ಪಕ್ಕದ ಅಂಚುಗಳನ್ನು ಬೇರೆಯಾಗಿ ಹೊಲಿಯಬೇಕಾಗುವುದಿಲ್ಲ. ಜೇಡರ ಬಲೆ ಎಂಬರ್ಥದ 'ಪೌತಿಂಕಾ' ಶಾಲು ಉಂಗುರದೊಳಗಿಂದ ನುಸುಳಿ ಬರುವಷ್ಟು ತೆಳು. ತೊಳೆದ ಮೇಲೆ ಪ್ರತಿ ಹಲ್ಲಿಗೂ ದಾರ ಪೋಣಿಸಿ, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಒಣಗಿಸಿದಾಗಲೇ ಅದರ ವಿನ್ಯಾಸ ಪೂರ್ಣವಾಗಿ ತೆರೆದುಕೊಳ್ಳುತ್ತದೆ. ಹೆಣಿಗೆಯನ್ನು ಪ್ರೀತಿಸುವ ನನಗೆ ಈ ಹಂತವೇ ಅತ್ಯಂತ ಪ್ರಿಯವಾದುದರಿಂದ, ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದು ಬೇಸರ ತಂದಿತು.