ಮಡಿಲಲ್ಲಿ ಎರಡು ಗೋಣಿ ಅಕ್ಕಿ

ಮಂಗಳೂರಿನ ಬಜ್ಪೆ ಏರ್‌ಪೋರ್ಟಿನ ಹೊರಗೆ, ಬೆಳಗಿನ ಜಾವ ಐದೂವರೆ. ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ನನ್ನ ಗಂಡ ಮತ್ತು ಟ್ಯಾಕ್ಸಿ ಡ್ರೈವರ್ ಇಬ್ಬರೂ ಹಿಂದಿನ ಸೀಟಿನ ಸಂದಿಯಲ್ಲಿ ಕೈ ತೂರಿಸಿ ಬೆಲ್ಟಿನ ಬಕಲ್ ಹುಡುಕುತ್ತಿದ್ದರು. ಬೆಲ್ಟ್ ಇತ್ತು. ಬಕಲ್ ಮಾತ್ರ ಹೊಸ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿತ್ತು. "ಹಿಂದೆ ಕೂತವರು ಯಾರೂ ಬೆಲ್ಟ್ ಹಾಕುವುದಿಲ್ಲ ಅಕ್ಕಾ, ಹಾಗೆ ಕವರಿನ ಒಳಗೇ ಬಿಟ್ಟದ್ದು" ಅಂದ ಡ್ರೈವರ್. ಪಾಪ, ಸುಳ್ಳೇನೂ ಹೇಳಲಿಲ್ಲ.

ಪಕ್ಕದಲ್ಲಿ ಅಪ್ಪನಿಗೆ ತಾಳ್ಮೆ ಮುಗಿಯುತ್ತಿತ್ತು. "ಎಂತ ಮಾರಾಯ್ತಿ, ಕಟಪಾಡಿಗೆ ಇನ್ನು ಎಷ್ಟು ದೂರ ಉಂಟು? ಬಾಲೆ ನಿನ್ನ ಮಡಿಲಲ್ಲಿ ಇರಲಿ. ಆ ಕುರ್ಚಿಯನ್ನು ಡಿಕ್ಕಿಗೆ ಹಾಕು."

ಆ ಕುರ್ಚಿ ಅಂದರೆ ಮಗುವಿನ ಕಾರ್ ಸೀಟ್, ಕಾರಿನ ಬೆಲ್ಟಿನಲ್ಲಿ ಬಿಗಿದು ಮಗುವನ್ನು ಕೂರಿಸುವಂಥದ್ದು. ದುಬೈಯಿಂದ ಹೊತ್ತು ತಂದದ್ದು. ಅವತ್ತು ನಿದ್ದೆಗೆಟ್ಟಿದ್ದೆ, ಅಪ್ಪನಿಗೆ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಈಗ ಕೊಡುತ್ತೇನೆ.

ಮೊದಲು ನಮ್ಮದೇ ತಪ್ಪು ಒಪ್ಪಿಕೊಳ್ಳುತ್ತೇನೆ. ವಿಮಾನದಲ್ಲಿ ಮಗಳು ಆ ಸೀಟಿನಲ್ಲಿ ಕೂರಲಿಲ್ಲ. ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗಬಹುದು, ಅದಕ್ಕೆ ಟಿಕೆಟ್ ಅಗ್ಗ. ಕಾರ್ ಸೀಟ್ ಇಡಬೇಕಾದರೆ ಮಗುವಿಗೆ ಬೇರೆ ಸೀಟಿನ ದುಡ್ಡು ಕೊಡಬೇಕು. ನಾವು ಕೊಡಲಿಲ್ಲ. ವಿಮಾನದಲ್ಲಿ ಖಾಲಿ ಸೀಟು ಸಿಕ್ಕಿದರೆ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆವು. ಕೌಂಟರಿನ ಹುಡುಗಿ ನಗುತ್ತಲೇ ಆಗುವುದಿಲ್ಲ ಅಂದಳು, ಸ್ಟಿಕ್ಕರ್ ಅಂಟಿಸಿ ಸಾಮಾನಿನ ಬೆಲ್ಟಿಗೆ ಬಿಟ್ಟಳು.

ಟಿಕೆಟ್ ತೆಗೆದಿದ್ದರೂ ನಮ್ಮ ಸೀಟನ್ನು ಒಪ್ಪುತ್ತಿದ್ದರು ಅನ್ನುವ ಗ್ಯಾರಂಟಿ ಇರಲಿಲ್ಲ. ವಿಮಾನದಲ್ಲಿ ಕಾರಿನ ಹಾಗೆ ಹೆಗಲ ಮೇಲಿಂದ ಬರುವ ಬೆಲ್ಟ್ ಇಲ್ಲ, ಮಕ್ಕಳ ಸೀಟನ್ನು ಸಿಕ್ಕಿಸಲು ಕಾರಿನಲ್ಲಿರುವ ಐಸೋಫಿಕ್ಸ್ ಕೊಂಡಿಯೂ ಇಲ್ಲ. ಸೊಂಟದ ಬೆಲ್ಟ್ ಒಂದೇ. ಅದರಲ್ಲೇ ಗಟ್ಟಿಯಾಗಿ ಕೂರುವ ಸೀಟ್ ಬೇಕು. ಅಮೆರಿಕದ ಸೀಟುಗಳಲ್ಲಿ ಇದಕ್ಕಾಗಿ ಕೆಂಪು ಅಕ್ಷರದ ಲೇಬಲ್ ಇರುತ್ತದೆ, ಕಾರಿಗೂ ವಿಮಾನಕ್ಕೂ ಆಗುತ್ತದೆ ಅಂತ. ನಮ್ಮದರಲ್ಲಿ ಇರಲಿಲ್ಲ. ಇಡಲು ಬಿಟ್ಟರೂ ಸಾಮಾನ್ಯವಾಗಿ ಕಿಟಕಿಯ ಪಕ್ಕವೇ ಕೊಡುತ್ತಾರೆ, ಬೇರೆಯವರು ಹೊರಬರುವ ದಾರಿಗೆ ಅಡ್ಡ ಆಗಬಾರದು ನೋಡಿ. ಟಿಕೆಟ್ ಮಾಡುವ ಮೊದಲೇ ವಿಮಾನದವರಿಗೆ ಫೋನ್ ಮಾಡಿ ಕೇಳಿ. ನಾವು ಕೇಳಲಿಲ್ಲ.

ಇಳಿಯುವಾಗ ಮಗಳಿಗೆ ಹಾಲು ಕುಡಿಸಿದೆ, ಕಿವಿ ನೋಯದ ಹಾಗೆ. ಬಜ್ಪೆಯದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರ ಬೆಳಿಗ್ಗೆ ಇಲ್ಲಿ ವಿಮಾನ ದುರಂತದಲ್ಲಿ 158 ಜನ ಹೋದದ್ದನ್ನು ನಮ್ಮ ಊರಿನವರು ಯಾರೂ ಮರೆತಿಲ್ಲ. ಚಕ್ರ ನೆಲ ಮುಟ್ಟುವಾಗ ಪಕ್ಕದ ಸಾಲಿನ ಅಮ್ಮ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ನಾನೂ ಮಗಳನ್ನು ಬಿಗಿಯಾಗಿ ಹಿಡಿದಿದ್ದೆ, ಸೊಂಟಕ್ಕೆ ಕೊಟ್ಟ ಪುಟ್ಟ ಬೆಲ್ಟಿನ ಮೇಲೆ ನಂಬಿಕೆ ಸಾಲದೆ. ವಿಮಾನ ನಿಂತಿತು. ಎಲ್ಲರೂ ಉಸಿರು ಬಿಟ್ಟರು. ಅಪಾಯ ಮುಗಿಯಿತು ಅನ್ನುವ ಹಾಗೆ!

ನನ್ನ ತಕರಾರು ಇರುವುದೇ ಇಲ್ಲಿ. ಅಪಾಯ ಶುರುವಾಗುವುದೇ ಅಲ್ಲಿಂದ. ಕಟೀಲು, ಕಿನ್ನಿಗೋಳಿ ದಾಟಿ ಮೂಲ್ಕಿಯಲ್ಲಿ ಹೈವೇಗೆ ಬಂದರೆ ಗೊತ್ತಲ್ವಾ? ಹಾರ್ನ್ ಹೊಡೆಯುತ್ತಾ ಹಿಂದೆ ಬೀಳುವ ಎಕ್ಸ್‌ಪ್ರೆಸ್ ಬಸ್ಸು, ನೀರು ಸುರಿಸುತ್ತಾ ಓಡುವ ಮೀನಿನ ಲಾರಿ, ಯೂಟರ್ನ್ ದೂರ ಅಂತ ಎದುರಿನಿಂದಲೇ ಬರುವ ಸ್ಕೂಟರ್.

ಇದು ನಾನೊಬ್ಬಳೇ ಹೇಳುವುದಲ್ಲ. 1989ರಲ್ಲಿ ಹಾರುತ್ತಲೇ ಕೆಟ್ಟುಹೋದ ವಿಮಾನವೊಂದು ಅಮೆರಿಕದ ಸಿಯೂ ಸಿಟಿಯಲ್ಲಿ ತುರ್ತಾಗಿ ಇಳಿಯಬೇಕಾಯಿತು. ಮಡಿಲ ಮಕ್ಕಳನ್ನು ನೆಲದ ಮೇಲಿಟ್ಟು ಹಿಡಿದುಕೊಳ್ಳಿ ಅಂತ ಗಗನಸಖಿ ಜ್ಯಾನ್ ಬ್ರೌನ್ ಹೇಳಿದರು. ಆಗಿನ ಕ್ರಮವೇ ಅದು. ಹಾಗೆ ಇಟ್ಟ ಒಂದು ಮಗು ಉಳಿಯಲಿಲ್ಲ. ಆಮೇಲೆ ಅವರು ವರ್ಷಗಟ್ಟಲೆ ಹೋರಾಡಿದರು, ಮಕ್ಕಳಿಗೂ ಸೀಟ್ ಕಡ್ಡಾಯ ಮಾಡಿ ಅಂತ. ಅಲ್ಲಿನ ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಎಎ ಕಡ್ಡಾಯ ಮಾಡಲಿಲ್ಲ. ಅವರು ಕೊಟ್ಟ ಕಾರಣ ಏನು ಗೊತ್ತಾ? ಜಾಸ್ತಿ ದುಡ್ಡು ಕೊಡಬೇಕಾದರೆ ಜನ ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಮಕ್ಕಳು ಸಾಯುತ್ತಾರೆ ಅಂತ. ಈಗಲೂ ಅವರೇ ಹೇಳುವುದು, ವಿಮಾನದಲ್ಲಿ ಮಗುವಿಗೆ ಮಡಿಲಿಗಿಂತ ಸೀಟೇ ಕ್ಷೇಮ ಅಂತ. ಆದರೆ ರಸ್ತೆಯ ಭಯ ಅದಕ್ಕಿಂತ ದೊಡ್ಡದು.

ಇನ್ನು ಮಡಿಲಿನ ಲೆಕ್ಕ. ನನ್ನ ಮಗಳು 8 ಕೆ.ಜಿ. 50 ಕಿ.ಮೀ. ವೇಗದಲ್ಲಿರುವ ಕಾರು ಎಲ್ಲಿಗಾದರೂ ಗುದ್ದಿ ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಅವಳು ನನ್ನ ಕೈಗೆ ನೂರು ಕೆ.ಜಿ.ಗಿಂತ ಜಾಸ್ತಿ ಭಾರ. ಅಂದರೆ 50 ಕೆ.ಜಿ.ಯ ಎರಡು ಗೋಣಿ ಕುಚ್ಚಲಕ್ಕಿ. ಅಪ್ಪಾ, ಅಂಗಡಿಯಿಂದ ಒಂದು ಗೋಣಿ ಇಳಿಸಲಿಕ್ಕೆ ನೀವು ಇಬ್ಬರನ್ನು ಕರೆಯುತ್ತೀರಿ.

"ಹಾಗಾದರೆ ಎದುರು ಡ್ರೈವರ್ ಪಕ್ಕ ಇಡಿ, ಅಲ್ಲಿ ಬಕಲ್ ಉಂಟಲ್ಲ" ಅಂದರು ಅಪ್ಪ. ಅದು ಇನ್ನೂ ಅಪಾಯ. ಇಷ್ಟು ಸಣ್ಣ ಮಗುವಿನ ತಲೆ ಭಾರ, ಕತ್ತು ಎಳೆಯದು. ಅದಕ್ಕೇ ಸೀಟನ್ನು ಹಿಂದುಮುಂದಾಗಿ, ಮಗು ಕಾರಿನ ಹಿಂಭಾಗ ನೋಡುವ ಹಾಗೆ ಕಟ್ಟುವುದು. ಎದುರು ಹಾಗೆ ಕಟ್ಟಿದರೆ, ಏರ್‌ಬ್ಯಾಗ್ ಒಡೆದಾಗ ಅದು ಗುದ್ದುವುದು ನೇರ ಮಗುವಿನ ತಲೆಯ ಹಿಂದೆಯೇ ಇರುವ ಕಾರ್ ಸೀಟಿನ ಬೆನ್ನಿಗೆ.

"ನಿಮ್ಮನ್ನೆಲ್ಲ ನಾವು ಮಡಿಲಲ್ಲೇ ಬೆಳೆಸಿದ್ದು" ಅಂತ ಅಮ್ಮ ಮನೆಗೆ ಬಂದ ಮೇಲೆ ಹೇಳಿದರು. ಹೌದು. ಆಗ ಹೈವೇ ಸಣ್ಣದಿತ್ತು, ಬಾಡಿಗೆ ಅಂಬಾಸಿಡರ್ ಒಂದು ಗಂಟೆಗೆ ಎಷ್ಟು ದೂರ ಓಡುತ್ತಿತ್ತು ಅಂತ ಅಮ್ಮನಿಗೇ ಗೊತ್ತು.

ನಗು ಬರುವುದು ನಮ್ಮಂಥ ಗಲ್ಫಿನವರ ಮೇಲೆ. ಯುಎಇಯಲ್ಲಿ 2017ರಿಂದ 4 ವರ್ಷದವರೆಗಿನ ಮಕ್ಕಳಿಗೆ ಕಾರ್ ಸೀಟ್ ಕಡ್ಡಾಯ, ತಪ್ಪಿದರೆ 400 ದಿರ್ಹಮ್ ದಂಡ, ಜೊತೆಗೆ ಲೈಸೆನ್ಸಿನ ಮೇಲೆ ತಪ್ಪಿಗೆ ಬೀಳುವ 4 ಕಪ್ಪು ಅಂಕ. ಅಲ್ಲಿ ಸೂಪರ್‌ಮಾರ್ಕೆಟಿಗೆ ಹೋಗಲೂ ಕಟ್ಟುತ್ತೇವೆ. ಊರಿಗೆ ಬಂದ ಕೂಡಲೇ ಅದೇ ಮಗು ಮುಂದಿನ ಸೀಟಿನಲ್ಲಿ ಮಾವನ ಮಡಿಲಲ್ಲಿ, ಕೈ ಸ್ಟೇರಿಂಗ್ ಮೇಲೆ, ನಾವು ವಿಡಿಯೋ ಮಾಡುತ್ತಾ! ಇಲ್ಲಿ ಕಾನೂನು ಇಲ್ಲದೆ ಅಲ್ಲ. 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ.

ತರುವವರಿಗೆ ಒಂದು ಮಾತು. ಸಾಮಾನಿಗೆ ಹಾಕುವುದಾದರೆ ಸೀಟನ್ನು ದಪ್ಪ ಬ್ಯಾಗಿನಲ್ಲಿಟ್ಟು ಸುತ್ತ ಡೈಪರ್ ತುರುಕಿ. ನಾವು ಹಾಗೇ ಬಿಟ್ಟಿದ್ದೆವು, ಬೆನ್ನಿನ ಕಡೆ ಉದ್ದಕ್ಕೆ ಗೀರು ಬಿದ್ದು ಬಂತು. ಬಿರುಕು ಇದೆಯಾ ಅಂತ ಗಂಡ ಮೊಬೈಲ್ ಬೆಳಕು ಬಿಟ್ಟು ಇಂಚಿಂಚು ನೋಡಿದ ಮೇಲೇ ಕಾರಿಗೆ ಒಯ್ದದ್ದು. ಬಿರುಕು ಬಿಟ್ಟ ಸೀಟನ್ನು ನಂಬಬಾರದು.

ಅವತ್ತು ಕೊನೆಗೂ ಬಕಲ್ ಸಿಕ್ಕಿತು. ಇಪ್ಪತ್ತು ನಿಮಿಷ ಹಿಡಿಯಿತು. ಮಗಳು ಹೆಜಮಾಡಿ ಟೋಲ್ ಬರುವ ಮೊದಲೇ ನಿದ್ದೆ ಹೋದಳು. ಅಪ್ಪ ಮಾತ್ರ ಪಡುಬಿದ್ರಿಯವರೆಗೂ ಮಾತಾಡಲಿಲ್ಲ.

ಮೂರು ವಾರ ಬಿಟ್ಟು ವಾಪಸ್ ಹೊರಟಾಗ ಅದೇ ಡ್ರೈವರನ್ನು ಕರೆದೆವು. ಹಿಂದಿನ ಬಾಗಿಲು ತೆರೆದರೆ, ಹೊಸ ಸೀಟ್ ಕವರನ್ನು ಬ್ಲೇಡಿನಲ್ಲಿ ನೀಟಾಗಿ ಕೊಯ್ದು ಮೂರು ಬಕಲನ್ನೂ ಹೊರಗೆ ತೆಗೆದಿಟ್ಟಿದ್ದ. "ಕವರಿಗೆ ನಾಲ್ಕು ಸಾವಿರ ಕೊಟ್ಟದ್ದು ಅಕ್ಕಾ" ಅಂದ, ಸ್ವಲ್ಪ ಬೇಜಾರಿನಲ್ಲೇ.